ಕಥೆಗೆ ಕ್ವಾಂಟಂ ಬೆರೆಸುವವರಿಗೆ

ಪದವಿ ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡುತ್ತೇನೆ, ಬಿಡುವಾದಾಗ ವೈಜ್ಞಾನಿಕ ಕಥೆ ಬರೆಯುತ್ತೇನೆ. ಎರಡು ಕಡೆಯೂ ಕಾಲಿಟ್ಟವನೆಂದು ಹೊಸಬರು ತಮ್ಮ ಹಸ್ತಪ್ರತಿಗಳನ್ನು ನನಗೆ ಓದಲು ಕೊಡುತ್ತಾರೆ. ಈಚೆಗೆ ಅವುಗಳಲ್ಲಿ ದೆವ್ವದ ಬದಲು ಕ್ವಾಂಟಂ ಬರುತ್ತಿದೆ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಸತ್ತವರು ಎದ್ದು ಬರುತ್ತಾರೆ, ಯಾಕೆಂದು ಕೇಳಿದರೆ ಕ್ವಾಂಟಂ. ಬರೆದವರೊಂದಿಗೆ ಕೂತು ಮಾತಾಡುವಾಗ ನಾನು ಮತ್ತೆ ಮತ್ತೆ ಹೇಳುವ ಸಂಗತಿಗಳು ಇವು.

1. ಏನು ಆಗುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ

"ಸಾರ್, ಜೋಡಿ ಕಣಗಳಲ್ಲಿ ಒಂದು ಬೆಂಗಳೂರಿನಲ್ಲಿ, ಇನ್ನೊಂದು ಮಂಗಳಗ್ರಹದಲ್ಲಿ. ಇಲ್ಲಿ ತಿರುಗಿಸಿದರೆ ಅಲ್ಲೂ ತಿರುಗುತ್ತೆ. ಅಂದ್ರೆ ಸಂದೇಶ ಆ ಕ್ಷಣಕ್ಕೇ ಹೋಯ್ತು ಅಲ್ವಾ?"

ಇಲ್ಲ, ಹೋಗಲಿಲ್ಲ. ಜೋಡಿ ಕಣಗಳ ನಂಟು ಕಟ್ಟುಕಥೆಯಲ್ಲ. ಅದನ್ನು ಪ್ರಯೋಗಗಳಲ್ಲಿ ತೋರಿಸಿದ ಆಸ್ಪೆ, ಕ್ಲೌಸರ್, ಜೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. ಆದರೆ ಒಂದು ತುದಿಯಲ್ಲಿ ಕೂತವನಿಗೆ ಕಾಣುವುದು ಗೊತ್ತುಗುರಿಯಿಲ್ಲದ ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ. ಇನ್ನೊಂದು ತುದಿಯಲ್ಲೂ ಅಷ್ಟೇ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಅವು ತಾಳೆಯಾಗುವುದು ಗೊತ್ತಾಗುತ್ತದೆ. ಆ ಪಟ್ಟಿಯನ್ನು ಕಳಿಸಲು ರೇಡಿಯೊ ಬೇಕು, ಮಂಗಳಕ್ಕೆ ರೇಡಿಯೊ ಮುಟ್ಟಲು 3ರಿಂದ 22 ನಿಮಿಷ ಬೇಕು. ಚೀನಾದ ಲಿಯು ಸಿಶಿನ್ 'ತ್ರೀ ಬಾಡಿ ಪ್ರಾಬ್ಲಂ'ನಲ್ಲಿ ಈ ನಿಯಮವನ್ನು ರಾಜಾರೋಷವಾಗಿ ಮುರಿದಿದ್ದಾರೆ. ಕಾದಂಬರಿಯ ಉಳಿದ ಕಟ್ಟಡ ಗಟ್ಟಿಯಾಗಿರುವುದರಿಂದ ಅವರಿಗೆ ಅದು ದಕ್ಕಿದೆ. ಅರ್ಸುಲಾ ಲೆ ಗ್ವಿನ್ 1966ರಲ್ಲೇ ಆನ್ಸಿಬಲ್ ಎಂಬ ತಕ್ಷಣದ ಸಂಪರ್ಕ ಯಂತ್ರವನ್ನು ತಂದವರು. ಅವರು ಅದಕ್ಕೆ ಕ್ವಾಂಟಂ ನೆಪ ಹೇಳಲೇ ಇಲ್ಲ. ನನಗೆ ಅದೇ ಹೆಚ್ಚು ಮರ್ಯಾದಸ್ಥ ದಾರಿ ಅನಿಸುತ್ತದೆ.

ನಿಯಮವನ್ನು ಪಾಲಿಸಿದರೆ ಕಥೆ ಸೊರಗುತ್ತದೆ ಎಂಬ ಭಯ ಬೇಡ. ಟೆಲಿಪೋರ್ಟೇಷನ್ ನೋಡಿ. ಕ್ವಾಂಟಂ ಟೆಲಿಪೋರ್ಟೇಷನ್ನಿನ ವಿಧಾನವನ್ನು 1993ರಲ್ಲಿ ಕಾಗದದ ಮೇಲೆ ಬರೆದರು, 1997ರಲ್ಲಿ ಬೆಳಕಿನ ಕಣಗಳಲ್ಲಿ ಮಾಡಿ ತೋರಿಸಿದರು. ಅಲ್ಲಿ ಸಾಗುವುದು ವಸ್ತುವಲ್ಲ, ಅದರ ಸ್ಥಿತಿ. ಆ ಸ್ಥಿತಿಯ ನಕಲು ತೆಗೆಯಲು ಪ್ರಕೃತಿ ಬಿಡುವುದಿಲ್ಲ. ಅಲ್ಲಿ ಮೂಡಬೇಕಾದರೆ ಇಲ್ಲಿ ಅಳಿಯಲೇಬೇಕು. ನೋಲನ್ನರ 'ದಿ ಪ್ರೆಸ್ಟೀಜ್' ಸಿನಿಮಾದ (2006) ಭೀಕರತೆಯೆಲ್ಲ ಯಂತ್ರ ನಕಲು ತೆಗೆಯುವುದರಲ್ಲಿದೆ. ನಕಲು ಅಸಾಧ್ಯವಾದ ಲೋಕದಲ್ಲಿ ಬೇರೊಂದೇ ಭೀಕರತೆ ಹುಟ್ಟುತ್ತದೆ: ಆ ಕಡೆ ಎದ್ದು ನಿಂತವನು ನನ್ನ ಗಂಡನೋ, ಅವನ ನೆನಪುಗಳನ್ನು ಹೊತ್ತ ಬೇರೆಯವನೋ? ಪಕ್ಕಕ್ಕಿಟ್ಟು ಹೋಲಿಸೋಣವೆಂದರೆ ಮೂಲವೇ ಇಲ್ಲ. ಹೆಂಡತಿಯ ಈ ಪ್ರಶ್ನೆಯಿಂದ ಶುರುವಾಗುವ ಕಥೆಯನ್ನು ನಾನು ಒಂದೇ ಉಸಿರಿಗೆ ಓದುತ್ತೇನೆ.

2. ನೋಡುವುದಕ್ಕೆ ಕಣ್ಣು ಬೇಕಿಲ್ಲ

'ನಾವು ನೋಡಿದ್ದರಿಂದ ವಾಸ್ತವ ಬದಲಾಯಿತು' ಎಂಬ ವಾಕ್ಯ ವಾರಕ್ಕೊಂದು ಹಸ್ತಪ್ರತಿಯಲ್ಲಾದರೂ ಸಿಗುತ್ತದೆ, ಹೆಚ್ಚಾಗಿ ಧ್ಯಾನಕ್ಕೆ ಕೂತ ಗುರುಗಳ ಬಾಯಲ್ಲಿ. ಶ್ರೋಡಿಂಗರ್ 1935ರಲ್ಲಿ ಬೆಕ್ಕನ್ನು ಪೆಟ್ಟಿಗೆಗೆ ಹಾಕಿದ್ದು ಅದು ಸತ್ತೂ ಬದುಕಿದೆ ಎಂದು ಸಾರಲಿಕ್ಕಲ್ಲ. ಸಿದ್ಧಾಂತವನ್ನು ಹಾಗೆ ಓದಿದರೆ ಎಂಥ ಅಸಂಬದ್ಧಕ್ಕೆ ಬಂದು ನಿಲ್ಲುತ್ತೇವೆ ಎಂದು ಅಣಕಿಸಲಿಕ್ಕೆ. ಬೆಕ್ಕಿನ ಮೈಗೆ ಬಡಿಯುವ ಗಾಳಿಯ ಒಂದೊಂದು ಅಣುವೂ ಅದನ್ನು 'ನೋಡಿ' ಹೋಗುತ್ತಿರುತ್ತದೆ. ಅದಕ್ಕೆ ಪ್ರಜ್ಞೆ ಬೇಕಿಲ್ಲ, ತಪಸ್ಸು ಬೇಕಿಲ್ಲ.

ಪ್ರಜ್ಞೆಯೇ ಕಾರಣ ಎಂದು ಕಥೆಗಾಗಿ ಇಟ್ಟುಕೊಳ್ಳುವುದು ತಪ್ಪಲ್ಲ. ಇಟ್ಟುಕೊಂಡರೆ ಕೊನೆಯವರೆಗೂ ಹೋಗಬೇಕು. ಆಸ್ಟ್ರೇಲಿಯಾದ ಗ್ರೆಗ್ ಈಗನ್ 'ಕ್ವಾರಂಟೀನ್' ಕಾದಂಬರಿಯಲ್ಲಿ (1992) ಹೋಗಿದ್ದಾರೆ. ಮನುಷ್ಯರ ನೋಟಕ್ಕೆ ವಿಶ್ವದ ಸಾಧ್ಯತೆಗಳೆಲ್ಲ ಕುಸಿದು ಒಂದಾಗುತ್ತವೆ ಎಂದಾದರೆ, ಆಕಾಶ ನೋಡುವ ನಮ್ಮ ಪ್ರತಿ ಖಗೋಳವಿಜ್ಞಾನಿಯೂ ಕೊಲೆಗಾರ. ಅದಕ್ಕೇ ಯಾರೋ ಇಡೀ ಸೌರಮಂಡಲವನ್ನು ಕತ್ತಲಿನ ಗುಳ್ಳೆಯೊಳಗೆ ಮುಚ್ಚಿಬಿಡುತ್ತಾರೆ. ಒಂದು ಸುಳ್ಳು, ಅದರ ಹಿಂದೆ ಪೂರ್ತಿ ಲೆಕ್ಕ.

3. ಗಾತ್ರ ಮರೆಯಬೇಡಿ

ಅಲೆಯಂತೆ ಏಕಕಾಲಕ್ಕೆ ಎರಡು ದಾರಿ ಹಿಡಿಯುವಂತೆ ಮಾಡಿದ ಭಾರೀ ಅಣುಗಳ ಸುದ್ದಿ ವಿಯೆನ್ನಾದಿಂದ 2019ರಲ್ಲಿ ಬಂತು. ಅವುಗಳಲ್ಲಿ ಸುಮಾರು 2000 ಪರಮಾಣುಗಳಿದ್ದವು. ನಿಮ್ಮ ನಾಯಕನ ಮೈಯಲ್ಲಿ ಏಳರ ಮುಂದೆ 27 ಸೊನ್ನೆ ಇಟ್ಟಷ್ಟು ಇವೆ. ಅವನನ್ನು ಗೋಡೆಯಲ್ಲಿ ತೂರಿಸುವ ಮುನ್ನ ಒಮ್ಮೆ ಯೋಚಿಸಿ.

4. ಕವಲು ಒಂದೇ ಸಾಕು

ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಹ್ಯೂ ಎವರೆಟ್ 1957ರಲ್ಲಿ ಪ್ರಕಟಿಸಿದ ಪ್ರಬಂಧ ಬಹುಲೋಕಗಳ ಕಲ್ಪನೆಗೆ ಗಣಿತದ ಬೆನ್ನೆಲುಬು ಕೊಟ್ಟಿತು. ಸಾಹಿತ್ಯ ಅಷ್ಟರಲ್ಲಾಗಲೇ ಅಲ್ಲಿಗೆ ಹೋಗಿ ಬಂದಿತ್ತು. ಬೋರ್ಹೆಸ್‌ರ ಕವಲುದಾರಿಗಳ ತೋಟದ ಕಥೆ 1941ರದು. ಎವರೆಟ್ಟನ ಲೋಕಗಳು ಒಮ್ಮೆ ಕವಲೊಡೆದ ಮೇಲೆ ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಸಿನಿಮಾಗಳೆಲ್ಲ ಶುರುವಾಗುವ ಹೊತ್ತಿಗೇ ಎವರೆಟ್ಟನನ್ನು ಬಿಟ್ಟುಕೊಟ್ಟಿರುತ್ತವೆ. ಆ ಒಂದು ರಿಯಾಯಿತಿ ಕೊಡೋಣ. ನನ್ನ ತಕರಾರು ಬೇರೆ. ಸಾವಿರ ಲೋಕಗಳಿದ್ದು ಸತ್ತವನಿಗೆ ಬದಲಿ ಸಿಗುವುದಾದರೆ ಪ್ರೇಕ್ಷಕ ಯಾಕೆ ಅಳಬೇಕು?

ಜಯಂತ ನಾರ್ಳೀಕರರ 'ದಿ ಅಡ್ವೆಂಚರ್' ಕಥೆಯನ್ನು ಸಿಬಿಎಸ್‌ಇಯ ಹನ್ನೊಂದನೇ ತರಗತಿಯಲ್ಲಿ ಓದಿದವರು ನಮ್ಮಲ್ಲೂ ಬಹಳ ಜನ. ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತರು ಮರಾಠರು 1761ರ ಪಾಣಿಪತ್ ಕದನ ಗೆದ್ದ ಲೋಕಕ್ಕೆ ಜಾರುತ್ತಾರೆ. ಎರಡು ಲೋಕಗಳ ನಡುವಿನ ವ್ಯತ್ಯಾಸವೆಲ್ಲ ಒಂದು ಗುಂಡಿನದು: ಇಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನಿಗೆ ತಗುಲಿತು, ಅಲ್ಲಿ ಕಿವಿ ಸವರಿ ಹೋಯಿತು. ಎಲೆಕ್ಟ್ರಾನಿಗೆ ಸಲ್ಲುವ ಮಾತನ್ನು ಬಂದೂಕಿನ ಗುಂಡಿಗೆ ಹೇಳಿದ್ದು ಕೊಂಚ ಎಳೆದಾಟವೇ, ಮೂರನೇ ಪಾಠ ಬರೆದ ನಾನು ಅದನ್ನು ಒಪ್ಪಲೇಬೇಕು. ಆದರೆ ಒಂದೇ ಗುಂಡು, ಕದನದ ಕಥೆ ಹೇಳುವ ಒಂದೇ ಬಖೈರು, ಜೇಬಿನಲ್ಲಿ ಉಳಿದ ಅದರ ಒಂದು ಹರಿದ ಪುಟ. ಇಷ್ಟರಲ್ಲೇ ಇಡೀ ಹಿಂದೂಸ್ತಾನದ ಚರಿತ್ರೆ ಮಗುಚುತ್ತದೆ.

ಕೈಯಲ್ಲಿ ದುಡ್ಡಿಲ್ಲದೆ ಸಿನಿಮಾ ಮಾಡುವ ಹುಡುಗರಿಗೆ ನಾನು ತೋರಿಸುವುದು 'ಕೊಹೆರೆನ್ಸ್' (2013). ಧೂಮಕೇತು ಹಾದುಹೋಗುವ ರಾತ್ರಿ ಎಂಟು ಮಂದಿ ಗೆಳೆಯರ ಊಟ, ಬೀದಿಯಾಚೆ ಅದೇ ಮನೆ, ಅದೇ ಎಂಟು ಮಂದಿ. ನಿರ್ದೇಶಕ ಜೇಮ್ಸ್ ವಾರ್ಡ್ ಬರ್ಕಿಟ್ ತನ್ನ ಮನೆಯಲ್ಲೇ ಐದು ರಾತ್ರಿಗಳಲ್ಲಿ ಚಿತ್ರೀಕರಿಸಿದ. ಕೈಯಲ್ಲಿರುವ ಹೊಳೆಯುವ ಕಡ್ಡಿಯ ಬಣ್ಣ ನೀಲಿಯೋ ಕೆಂಪೋ ಎಂಬುದೇ ಲೋಕದ ಗುರುತು. ಗ್ರಾಫಿಕ್ಸ್ ಎಂದರೆ ಅಷ್ಟೇ, ಎದೆ ಮಾತ್ರ ಝಲ್ಲೆನ್ನುತ್ತದೆ.

5. ಸಿದ್ಧಾಂತವನ್ನು ಪಾತ್ರದ ಸಂಕಟಕ್ಕೆ ಕಟ್ಟಿ

ಇದಕ್ಕೆ ನಾನು ಕೊಡುವ ಉದಾಹರಣೆ ಅಲೆಕ್ಸ್ ಗಾರ್ಲ್ಯಾಂಡರ 'ಡೆವ್ಸ್' ಸರಣಿ (2020). ನೋಡದವರು ಮುಂದಿನ ಪಾಠಕ್ಕೆ ಹಾರಬಹುದು. ಕಂಪನಿಯ ಒಡೆಯ ಫಾರೆಸ್ಟ್ ಕಾರು ಅಪಘಾತದಲ್ಲಿ ಹೆಂಡತಿ, ಮಗಳನ್ನು ಕಳೆದುಕೊಂಡಿದ್ದಾನೆ. ಆಗ ಕಾರು ಓಡಿಸುತ್ತಿದ್ದ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವನು ಅವನೇ. ಹಳೆಯ ಕಾಲವನ್ನು ತೆರೆಯ ಮೇಲೆ ಮೂಡಿಸುವ ಕ್ವಾಂಟಂ ಕಂಪ್ಯೂಟರ್ ಕಟ್ಟಿಸುತ್ತಾನೆ. ಚಿತ್ರ ಮಸುಕಾಗಿದೆ, ಸದ್ದೂ ಅಸ್ಪಷ್ಟ. ತಂಡದ ಲಿಂಡನ್ ಎವರೆಟ್ಟನ ಬಹುಲೋಕ ಲೆಕ್ಕ ಹಾಕಿ ಸದ್ದನ್ನು ಸ್ವಚ್ಛವಾಗಿಸಿದ ದಿನವೇ ಕೆಲಸ ಕಳೆದುಕೊಳ್ಳುತ್ತಾನೆ! ಫಾರೆಸ್ಟ್‌ಗೆ ಬೇಕಾದದ್ದು ಒಂದೇ ಲೋಕ, ಒಂದೇ ದಾರಿ ಇರುವ ದೆ ಬ್ರಾಯ್–ಬೋಮ್ ವ್ಯಾಖ್ಯಾನ. ಲೋಕಗಳು ಹಲವಿದ್ದರೆ ತೆರೆಯ ಮೇಲಿನ ಮಗು ತನ್ನದೇ ಎನ್ನುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನು ಆ ಫೋನ್ ಮಾಡದ ಲೋಕವೂ ಇರಬೇಕಾಗುತ್ತದೆ. ಒಂದೇ ದಾರಿ ಇದ್ದರೆ ಮಾತ್ರ 'ಅದು ಆಗಲೇಬೇಕಿತ್ತು, ನನ್ನ ತಪ್ಪಿಲ್ಲ' ಎಂದು ಅವನು ಉಸಿರಾಡಬಲ್ಲ.

ಭೌತವಿಜ್ಞಾನಿಗಳು ದಶಕಗಳಿಂದ ಬಗೆಹರಿಸದ ಜಗಳ ಇಲ್ಲಿ ಒಬ್ಬ ಅಪ್ಪನ ಪಾಪಪ್ರಜ್ಞೆಯ ಜಗಳವಾಗಿದೆ. ಸರಣಿಯ ಕೊನೆಯ ಭಾಗ ನನಗೆ ಅಷ್ಟಾಗಿ ಹಿಡಿಸಲಿಲ್ಲ, ಆ ಮಾತು ಬೇರೆ. ಆದರೆ ಆ ವ್ಯಾಖ್ಯಾನವನ್ನು ತೆಗೆದರೆ ಫಾರೆಸ್ಟ್ ಇಲ್ಲ. ನೀವು ಬರೆದದ್ದರಲ್ಲಿ 'ಕ್ವಾಂಟಂ' ಇದ್ದಲ್ಲೆಲ್ಲ 'ಮಾಯಾ' ಎಂದು ಬದಲಿಸಿ ಓದಿ ನೋಡಿ. ಕಥೆ ಎಲ್ಲೂ ಎಡವದಿದ್ದರೆ ಅದು ಮಾಯಾಲೋಕದ ಕಥೆ. ಹಾಗೆಂದೇ ಕರೆಯಿರಿ, ಅದೇನೂ ಕೀಳಲ್ಲ.

6. ಯಂತ್ರದ ವರ್ಣನೆ

ತೂಗುದೀಪದಂತೆ ಚಿನ್ನದ ಬಣ್ಣದಲ್ಲಿ ಇಳಿಬಿದ್ದಿರುವುದು ಕ್ವಾಂಟಂ ಕಂಪ್ಯೂಟರ್ ಅಲ್ಲ, ಅದರ ಶೀತಕ ಯಂತ್ರ. ಲೆಕ್ಕ ಮಾಡುವ ಚಿಪ್ ಕೆಳತುದಿಯಲ್ಲಿ ಪುಟ್ಟದಾಗಿ ಕೂತಿರುತ್ತದೆ, ಕೆಲಸದ ವೇಳೆ ಡಬ್ಬಿ ಮುಚ್ಚಿರುವುದರಿಂದ ಯಾವುದೂ ಕಾಣುವುದಿಲ್ಲ. ನೀಲಿ ಬೆಳಕು ಚಿಮ್ಮಿಸಬೇಡಿ.

ಕಣ್ಣಿಗೆ ಕಾಣುವ ಕ್ವಾಂಟಂ ವಿಚಿತ್ರವೇ ಬೇಕೆಂದರೆ ದ್ರವ ಹೀಲಿಯಂ ಇದೆ. 2.17 ಕೆಲ್ವಿನ್‌ಗಿಂತ ಕೆಳಕ್ಕೆ ತಣಿಸಿದರೆ ಅದು ಬಟ್ಟಲಿನ ಗೋಡೆಯನ್ನು ತೆಳು ಪೊರೆಯಾಗಿ ತಾನೇ ಹತ್ತಿ, ಅಂಚು ದಾಟಿ, ಹೊರಗೆ ತೊಟ್ಟಿಕ್ಕುತ್ತದೆ. ಮಾಸ್ಕೋದ ಕಪಿಟ್ಸಾ, ಕೇಂಬ್ರಿಡ್ಜಿನ ಆಲನ್ ಮತ್ತು ಮೈಸ್ನರ್ ಈ ಅತಿಹರಿವಿನ ವರದಿಗಳನ್ನು 1938ರಲ್ಲೇ ಕೊಟ್ಟರು. ಕಥೆಗಾರರು ಯಾಕೋ ಆ ಕಡೆ ಸುಳಿಯುವುದು ಕಡಿಮೆ.

7. ವಿಜ್ಞಾನಿಯನ್ನು ಏನು ಕೇಳಬೇಕು

'ಆಂಟ್-ಮ್ಯಾನ್' ತಂಡ ಕ್ಯಾಲ್‌ಟೆಕ್‌ನ ಸ್ಪೈರಸ್ ಮೈಕಲಾಕಿಸ್ ಅವರ ಸಲಹೆ ಪಡೆಯಿತು. ನಮ್ಮಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆಗಳಲ್ಲಿ ಕ್ವಾಂಟಂ ಕೆಲಸ ಮಾಡುವವರಿದ್ದಾರೆ. ಸಭ್ಯವಾಗಿ ಪತ್ರ ಬರೆದರೆ ಉತ್ತರಿಸುವವರೂ ಇದ್ದಾರೆ. 'ಇದು ಸಾಧ್ಯವೇ ಸಾರ್?' ಎಂದು ಮಾತ್ರ ಕೇಳಬೇಡಿ. ಇಲ್ಲ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. 'ಇದೊಂದು ಸಾಧ್ಯ ಅಂತ ಇಟ್ಟುಕೊಂಡರೆ ಇನ್ನು ಏನೇನು ಬದಲಾಗಬೇಕಾಗುತ್ತೆ ಮೇಡಂ?' ಎಂದು ಕೇಳಿ, ಕಥೆಯ ಸಾರಾಂಶವನ್ನು ಅರ್ಧ ಪುಟ ಮೀರದಂತೆ ಜೊತೆಗಿಡಿ.