ಈ ತಿಂಗಳ ಪಾಠ: ಆಟಿಸಂ ಮತ್ತು ತಾಯಿಯ ಮೇಲಿನ ಅಪವಾದ



ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡೋದಿಲ್ಲ. ಮಾತು ತಡ. ಆಟದ ಗಾಡಿಯ ಒಂದೇ ಚಕ್ರವನ್ನು ತಿರುಗಿಸುತ್ತಾ ಗಂಟೆಗಟ್ಟಲೆ ಕೂತಿರುತ್ತದೆ. ಇಂಥ ಮಗು ಇರುವ ಮನೆಯಲ್ಲಿ ಮೊದಲು ಮಾತು ಕೇಳಬೇಕಾದವಳು ತಾಯಿ. 'ಬಸುರಿಯಲ್ಲಿ ಗ್ರಹಣ ನೋಡಿರಬೇಕು', 'ಮಗುವಿನ ಹತ್ತಿರ ಮಾತಾಡಿದ್ದರೆ ಹೀಗಾಗ್ತಿತ್ತಾ' ಅಂತ ಜನ ಹೇಳ್ತಾರೆ. ಓದು ಬರಹ ಇಲ್ಲದವರು ಮಾತ್ರ ಹೀಗೆ ದೂರುತ್ತಾರೆ ಅಂತ ತಿಳಿಯಬೇಡಿ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ತಜ್ಞರೂ ಇದನ್ನೇ ಹೇಳಿದ್ದರು.

ತಜ್ಞರು ಹೇಳಿದ್ದೇನು?

1943ರಲ್ಲಿ ಅಮೆರಿಕದ ಡಾ. ಲಿಯೋ ಕ್ಯಾನರ್ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಇದು ಹುಟ್ಟಿನಿಂದಲೇ ಇರುವಂಥದ್ದು ಅಂದರು. ಜೊತೆಗೆ, ಈ ಮಕ್ಕಳ ತಂದೆತಾಯಿಯರಲ್ಲಿ ಅಕ್ಕರೆ ಕಡಿಮೆ ಅಂತಲೂ ಬರೆದರು. ಲೋಕ ಹಿಡಿದುಕೊಂಡದ್ದು ಎರಡನೇ ಮಾತನ್ನೇ! 'ಫ್ರಿಜ್‌ನಂತೆ ತಣ್ಣಗಿನ ತಾಯಿ' ಎಂಬ ಹೆಸರು ಹುಟ್ಟಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಈ ಅಪವಾದವನ್ನು ಇನ್ನಷ್ಟು ಹರಡಿತು.

ಒಬ್ಬ ಮಹಿಳೆಯ ಸಂಶೋಧನೆ

ಉಟಾ ಫ್ರಿತ್ 1941ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಲಂಡನ್ನಿಗೆ ಹೋಗಿ ಓದಿ, ಆಟಿಸಂ ಇರುವ ಮಕ್ಕಳ ಬಗ್ಗೆ ಸಂಶೋಧನೆ ಮಾಡಿ 1968ರಲ್ಲಿ ಡಾಕ್ಟರೇಟ್ ಪಡೆದರು. ಅವರು ಮತ್ತು ಅವರ ಗುರುಗಳು ಮೊದಲು ನೋಡಿದ್ದು ಜ್ಞಾಪಕಶಕ್ತಿಯನ್ನು. 'ಅಮ್ಮ ಸಂತೆಯಿಂದ ಬೆಲ್ಲ ತಂದಳು' ಅಂದರೆ ನಮ್ಮ ಮಕ್ಕಳಿಗೆ ಸುಲಭವಾಗಿ ನೆನಪಿರುತ್ತದೆ. 'ಬೆಲ್ಲ, ಕೊಡೆ, ನಾಯಿ, ಐದು' ಅಂದರೆ ನೆನಪಿಡೋದು ಕಷ್ಟ. ಆಟಿಸಂ ಇರುವ ಮಕ್ಕಳಿಗೆ ಅರ್ಥದಿಂದ ಸಿಗುವ ಈ ಸಹಾಯ ಕಡಿಮೆ ಅಂತ ಗೊತ್ತಾಯಿತು. ಆದರೆ ಚಿತ್ರದೊಳಗೆ ಅಡಗಿದ ಆಕಾರ ಹುಡುಕುವುದರಲ್ಲಿ ಅವರೇ ಮುಂದೆ ಅಂತ 1983ರ ಒಂದು ಪ್ರಯೋಗದಲ್ಲಿ ಕಂಡಿತು. ಬಿಡಿಬಿಡಿ ವಿವರ ಚೆನ್ನಾಗಿ ಹಿಡಿಯುತ್ತಾರೆ, ಎಲ್ಲವನ್ನೂ ಕೂಡಿಸಿ ನೋಡುವುದು ಕಷ್ಟವಾಗುತ್ತದೆ.

1985ರಲ್ಲಿ ಅವರೂ ಇಬ್ಬರು ಸಂಗಡಿಗರೂ ಎರಡು ಗೊಂಬೆಗಳ ಆಟ ಮಾಡಿಸಿದರು. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆ್ಯನ್ ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ. ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ ಪೆಟ್ಟಿಗೆಯನ್ನು ತೋರಿಸಿದರು. ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸೋದು ಅವರಿಗೆ ಕಷ್ಟ. ಹಾಗಂತ ಅವರಿಗೆ ಪ್ರೀತಿಯೇ ಇಲ್ಲ ಅಂತ ಅರ್ಥ ಅಲ್ಲ. ಎಲ್ಲ ಮಕ್ಕಳೂ ಒಂದೇ ಥರ ಇರೋದೂ ಇಲ್ಲ.

ತಾಯಿಯ ಬಿಡುಗಡೆ

1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟ್ಟರ್ ಅವಳಿ ಮಕ್ಕಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4 ಜೋಡಿಗಳ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಎರಡೂ ಕಡೆ ಅವಳಿಗಳನ್ನು ಸಾಕಿದವಳು ಒಬ್ಬಳೇ ತಾಯಿ ಅಲ್ಲವೇ? ಅಂದ ಮೇಲೆ ವ್ಯತ್ಯಾಸ ಬಂದದ್ದು ಸಾಕಿದ ರೀತಿಯಿಂದಲ್ಲ, ಹುಟ್ಟಿನ ಗುಣದಿಂದ. ಉಟಾ ಫ್ರಿತ್ ಅವರೂ 1989ರ ತಮ್ಮ ಪುಸ್ತಕದಲ್ಲಿ ಆಟಿಸಂನ ಬೇರು ಮೆದುಳಿನಲ್ಲಿದೆ ಎಂದು ವಿವರಿಸಿದರು. ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನೋದೂ ಸುಳ್ಳು. ಹಾಗೆ ಹೇಳಿದ್ದ 1998ರ ಲೇಖನವನ್ನು ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲ ಎಂದು ಕೇಳಿದಾಗ, ಅವನದ್ದೂ ಅಲ್ಲ, ಹೆತ್ತವರದ್ದೂ ಅಲ್ಲ ಎಂದು ಯೇಸುಸ್ವಾಮಿ ಉತ್ತರಿಸಿದ್ದನ್ನು ಯೊವಾನ್ನರ ಶುಭಸಂದೇಶದಲ್ಲಿ ಓದುತ್ತೇವೆ. ಯಾವ ಧರ್ಮದ ತಾಯಿಗೂ ಈ ಮಾತು ಸಮಾಧಾನ ಕೊಡುವಂಥದ್ದು.

ನಾವು ಮಾಡಬೇಕಾದ್ದು

* ಒಂದು ವರ್ಷವಾದರೂ ಹೆಸರಿಗೆ ತಿರುಗದ, ಬೆರಳು ತೋರಿಸಿ ಕೇಳದ, ಬಂದ ಮಾತು ಮರೆತ ಮಗುವನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಕಿವಿಯನ್ನೂ ಪರೀಕ್ಷಿಸಿ.
* ಆಟಿಸಂ 'ವಾಸಿ ಮಾಡುವ' ಔಷಧಿ ಇಲ್ಲ. ಹಾಗೆ ಹೇಳುವವರಿಗೆ ಸಾಲ ಮಾಡಿ ಹಣ ಕೊಡಬೇಡಿ. ಬೇಗ ಶುರು ಮಾಡಿದ ತರಬೇತಿಯಿಂದ ಮಗು ಬಹಳಷ್ಟು ಕಲಿಯಬಲ್ಲದು.
* 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಇಂಥ ಮಗುವಿನ ತಾಯಿಗೆ ಜನ ಏನು ಹೇಳುತ್ತಾರೆ? ನಾವೇನು ಹೇಳಿದ್ದೇವೆ?
2. ಆ ತಾಯಿ ಮಗುವನ್ನು ಬಿಟ್ಟು ಸಭೆಗೆ ಬರಲಾರಳು. ಸಂಘ ಅವಳ ಮನೆಯಂಗಳದಲ್ಲೇ ಸಭೆ ಸೇರಬಹುದೇ?