ಒಂದೇ ಕಾರು, ಎರಡು ಪಟ್ಟಿ: ಗ್ರಾಹಕ ಹಕ್ಕುಗಳ ಒಂದು ಪಾಠ

ತರಗತಿ: 10. ವಿಷಯ: ಸಮಾಜ ವಿಜ್ಞಾನ. ಘಟಕ: ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ. ಅವಧಿ: 40 ನಿಮಿಷ.

ಗ್ರಾಹಕನ ಹಕ್ಕುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಆ ಹಕ್ಕುಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಆದ್ದರಿಂದ ಬೋಧನಾಭ್ಯಾಸದ ಈ ಪಾಠಕ್ಕೆ ನಾನು ಕಾರಿನ ಮಾರುಕಟ್ಟೆಯನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಪಾಠದ ಉದ್ದೇಶಗಳು ಮೂರು: ಒಂದೇ ಉತ್ಪನ್ನ ಬೇರೆ ಬೇರೆ ದೇಶಗಳಲ್ಲಿ ಬೇರೆ ಸೌಲಭ್ಯಗಳೊಂದಿಗೆ ಮಾರಾಟವಾಗಲು ಕಾರಣಗಳನ್ನು ಗುರುತಿಸುವುದು, ಸುರಕ್ಷತೆ, ಮಾಹಿತಿ ಮತ್ತು ಆಯ್ಕೆಯ ಹಕ್ಕುಗಳ ಸಂಬಂಧವನ್ನು ವಿವರಿಸುವುದು, ಕಾನೂನಿನ ಪಾತ್ರವನ್ನು ವಿಮರ್ಶಿಸುವುದು.

ಚಟುವಟಿಕೆ

ಒಂದು ಕಾಲ್ಪನಿಕ ಕಾರಿನ ಬೆಲೆಪಟ್ಟಿಯನ್ನು ಚಾರ್ಟಿನಲ್ಲಿ ಬರೆದು ತೂಗುಹಾಕಿದೆ. ಮೂಲ ಮಾದರಿ 4 ಲಕ್ಷ; ಏರ್‌ಬ್ಯಾಗ್ ಇಲ್ಲ. ಮಧ್ಯಮ ಮಾದರಿ 5 ಲಕ್ಷ. ಪವರ್ ಕಿಟಕಿ, ಮ್ಯೂಸಿಕ್ ಸಿಸ್ಟಮ್ ಉಂಟು, ಏರ್‌ಬ್ಯಾಗ್ ಇಲ್ಲ. ಉನ್ನತ ಮಾದರಿ 6 ಲಕ್ಷ; ಅಲಾಯ್ ಚಕ್ರ, ಟಚ್‌ಸ್ಕ್ರೀನ್ ಮತ್ತು ಎರಡು ಏರ್‌ಬ್ಯಾಗ್. ಮಕ್ಕಳನ್ನು ನಾಲ್ಕು ಕುಟುಂಬಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಮೊತ್ತ ಕೊಟ್ಟು, ಕಾರು ಆರಿಸಿ ಕಾರಣ ಹೇಳಲು ಸೂಚಿಸಿದೆ.

ನಾಲ್ಕೂವರೆ ಲಕ್ಷ ಇದ್ದ ಗುಂಪು ಕೇಳಿದ ಪ್ರಶ್ನೆ ಪಾಠಕ್ಕೆ ದಾರಿ ಮಾಡಿಕೊಟ್ಟಿತು: "ನಮಗೆ ಅಲಾಯ್ ಚಕ್ರ ಬೇಡ. ಮೂಲ ಮಾದರಿಗೆ ಏರ್‌ಬ್ಯಾಗ್ ಮಾತ್ರ ಹಾಕಿಸಿ ಕೊಡುತ್ತಾರೆಯೇ?" ಪಟ್ಟಿಯಲ್ಲಿ ಅಂಥ ಮಾದರಿ ಇರಲಿಲ್ಲ. ಸುರಕ್ಷತೆಯನ್ನು ಅಲಂಕಾರದ ಜೊತೆ ಒಂದೇ ಗಂಟಿನಲ್ಲಿ ಕಟ್ಟಿ ಮಾರಿದಾಗ ಆಯ್ಕೆಯ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು.

ವಿಷಯ ನಿರೂಪಣೆ

ಕಾರುಗಳು ದೇಶದಿಂದ ದೇಶಕ್ಕೆ ಏಕೆ ಬದಲಾಗುತ್ತವೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಮೂರು ಕಾರಣಗಳಾಗಿ ಬರೆದೆ.

1. ಕಾನೂನು: ಅಮೆರಿಕದಲ್ಲಿ ಕಾರಿನ ಹಿಂಬದಿಯ ತಿರುವು ದೀಪ ಕೆಂಪಾಗಿರಬಹುದು, ಯುರೋಪಿನಲ್ಲಿ ಅದು ಕಿತ್ತಳೆ ಹಳದಿಯೇ ಆಗಿರಬೇಕು.

2. ತೆರಿಗೆ: ಭಾರತದಲ್ಲಿ 2006ರಿಂದ 4 ಮೀಟರ್‌ಗಿಂತ ಚಿಕ್ಕದಾದ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಕಡಿಮೆ. ಆದ್ದರಿಂದಲೇ ಇಲ್ಲಿ ಡಿಕ್ಕಿಯನ್ನು ಮೊಟಕುಗೊಳಿಸಿದ ಸೆಡಾನ್‌ಗಳು ಹುಟ್ಟಿದವು. 2012ರ ಸ್ವಿಫ್ಟ್ ಡಿಜೈರ್ ಇದಕ್ಕೆ ಪರಿಚಿತ ಉದಾಹರಣೆ.

3. ಹವಾಮಾನ ಮತ್ತು ಕೊಳ್ಳುವ ಶಕ್ತಿ: ಚಳಿನಾಡುಗಳಲ್ಲಿ ಬಿಸಿಯಾಗುವ ಸೀಟಿಗೆ ಬೇಡಿಕೆ, ನಮ್ಮಲ್ಲಿ ಹಿಂದಿನ ಸೀಟಿಗೂ ಎ.ಸಿ. ಗಾಳಿ ಬೇಕು.

ಇವುಗಳಲ್ಲಿ ಹಲವು ವ್ಯತ್ಯಾಸಗಳಿಂದ ಯಾರಿಗೂ ತೊಂದರೆಯಿಲ್ಲ. ಯಾವ ವ್ಯತ್ಯಾಸ ತೊಂದರೆ ಕೊಡುತ್ತದೆ ಎಂಬ ಪ್ರಶ್ನೆ ಹಾಕಿ, 2014ರ ಜನವರಿಯ ಪ್ರಕರಣವನ್ನು ಮುಂದಿಟ್ಟೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳ ಮೂಲ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು: ಆಲ್ಟೊ 800, ನ್ಯಾನೊ, ಐ10, ಫಿಗೊ ಮತ್ತು ಪೋಲೊ. ವಯಸ್ಕ ಪ್ರಯಾಣಿಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ. ಇವುಗಳಲ್ಲಿ ಪೋಲೊದ ಚೌಕಟ್ಟು ಗಟ್ಟಿಯಾಗಿಯೇ ಉಳಿದಿತ್ತು; ಕೊರತೆ ಇದ್ದದ್ದು ಏರ್‌ಬ್ಯಾಗ್‌ನದು. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಪರೀಕ್ಷಿಸಿದಾಗ ಅದಕ್ಕೆ ನಾಲ್ಕು ನಕ್ಷತ್ರ ದೊರೆಯಿತು. ಬಳಿಕ ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೊವನ್ನು ಭಾರತದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಅಮೆರಿಕದಲ್ಲಾದರೋ 1998ರ ಮಾದರಿ ವರ್ಷದಿಂದಲೇ ಎಲ್ಲ ಹೊಸ ಕಾರುಗಳಿಗೆ ಮುಂಭಾಗದ ಎರಡು ಏರ್‌ಬ್ಯಾಗ್ ಕಡ್ಡಾಯವಾಗಿತ್ತು.

ಆಗ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಅಲ್ಲಿಯವರ ಜೀವಕ್ಕೆ ಬೆಲೆ ಹೆಚ್ಚೇ?" ಅವಳ ತಂದೆ ಬಾಡಿಗೆ ಕಾರಿನ ಚಾಲಕರು. ನಾನು ತೀರ್ಪು ಹೇಳಲಿಲ್ಲ. ಪ್ರಶ್ನೆಯನ್ನು ತರಗತಿಗೇ ಒಪ್ಪಿಸಿದೆ. ಒಬ್ಬ ಹುಡುಗ ಎದುರು ವಾದ ಹೂಡಿದ: "ಬೆಲೆ ಏರಿದರೆ ಕಾರು ಕೊಳ್ಳಲಾಗದೆ ನಾಲ್ಕು ಜನ ಒಂದೇ ಬೈಕಿನಲ್ಲಿ ಹೋಗಬೇಕಾಗುತ್ತದೆ. ಅದು ಇನ್ನೂ ಅಪಾಯ." ಇದು ತಳ್ಳಿಹಾಕುವಂಥ ಮಾತಲ್ಲ, ನ್ಯಾನೊ ಕಾರಿನ ಹಿಂದಿದ್ದದ್ದೂ ಇದೇ ವಿಚಾರ. ಆದರೆ ಮತ್ತೊಬ್ಬಳು ಚಾರ್ಟಿನತ್ತ ಕೈ ತೋರಿಸಿ, "ಏರ್‌ಬ್ಯಾಗ್ ಒಂದಕ್ಕೇ ಎಷ್ಟು ಎಂದು ಇಲ್ಲಿ ಬರೆದೇ ಇಲ್ಲವಲ್ಲ. ಬೆಲೆ ಎಷ್ಟು ಏರುತ್ತದೆ ಎಂದು ಹೇಗೆ ಗೊತ್ತು?" ಎಂದಳು. ಮಾಹಿತಿಯ ಹಕ್ಕು ಇಲ್ಲದೆ ಆಯ್ಕೆಯ ಹಕ್ಕಿಗೆ ಅರ್ಥವಿಲ್ಲ ಎಂಬ ಅಂಶ ನಾನು ಹೇಳುವ ಮೊದಲೇ ಹಲಗೆಗೆ ಬಂತು.

ಕೊನೆಯದಾಗಿ ಕಾನೂನಿನ ಹೆಜ್ಜೆಗಳನ್ನು ಕಾಲರೇಖೆಯಲ್ಲಿ ತೋರಿಸಿದೆ. ಭಾರತದಲ್ಲಿ 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯ. 2021ರ ಏಪ್ರಿಲ್ 1ರಿಂದ ಹೊಸ ಮಾದರಿಗಳಲ್ಲಿ ಮುಂದಿನ ಸಹಪ್ರಯಾಣಿಕನಿಗೂ ಕಡ್ಡಾಯ. ಹಳೆಯ ಮಾದರಿಗಳಿಗೆ ಅದೇ ವರ್ಷದ ಡಿಸೆಂಬರ್ ಕೊನೆಯವರೆಗೆ ಗಡುವು ಸಿಕ್ಕಿತು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದು, ನಕ್ಷತ್ರ ಮೌಲ್ಯಾಂಕನ ಇಲ್ಲಿಯೇ ದೊರೆಯುವಂತಾಯಿತು. ಆದರೆ ಅದು ಸ್ವಯಂಪ್ರೇರಿತ. ಮೊದಲಿನವು ಸುರಕ್ಷತೆಯ ಹಕ್ಕನ್ನು, ಕೊನೆಯದು ಮಾಹಿತಿಯ ಹಕ್ಕನ್ನು ಬಲಪಡಿಸುತ್ತವೆ ಎಂದು ಮಕ್ಕಳು ವರ್ಗೀಕರಿಸಿದರು.

ಮೌಲ್ಯಮಾಪನ

1. ಯಾವ ಸೌಲಭ್ಯಗಳನ್ನು ಗ್ರಾಹಕನ ಇಷ್ಟಕ್ಕೆ ಬಿಡಬಹುದು, ಯಾವುದನ್ನು ಬಿಡಬಾರದು? ಕಾರಣ ಕೊಡಿ.
2. ಏರ್‌ಬ್ಯಾಗ್ ಇಲ್ಲದ ಕಾರನ್ನು ಕೊಂಡವನು ಒಬ್ಬ. ಅದರಲ್ಲಿ ಕೂರುವವರು ಹಲವರು. ಇಲ್ಲಿ ಯಾರ ಆಯ್ಕೆ ಯಾರನ್ನು ತಟ್ಟುತ್ತದೆ?

ಎರಡನೆಯ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಚಾಲಕನ ಮಗಳದು ಎರಡೇ ಸಾಲು: "ಬಾಡಿಗೆ ಕಾರನ್ನು ಮಾಲೀಕರು ಕೊಳ್ಳುತ್ತಾರೆ. ಓಡಿಸುವುದು ಅಪ್ಪ." ಕಾನೂನು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉತ್ತರ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರು ಚಟುವಟಿಕೆಗೆ 15 ನಿಮಿಷ ಮೀಸಲಿಡಿ. ಬೆಲೆಪಟ್ಟಿ ಕಾಲ್ಪನಿಕವಾಗಿರಲಿ; ನಿಜವಾದ ಕಾರಿನ ಹೆಸರು ಮೊದಲೇ ಬಂದರೆ ಚರ್ಚೆ ಯಾವ ಕಂಪನಿ ಒಳ್ಳೆಯದು ಎಂಬಲ್ಲಿಗೆ ಜಾರುತ್ತದೆ. ಮನೆಯಲ್ಲಿ ಕಾರಿಲ್ಲದ ಮಕ್ಕಳೇ ಹೆಚ್ಚಿರುವ ಶಾಲೆಯಲ್ಲಿ ಹೆಲ್ಮೆಟ್ಟನ್ನು ಆರಿಸಿಕೊಳ್ಳಬಹುದು: ಐಎಸ್‌ಐ ಗುರುತು ಇರುವುದು, ಇಲ್ಲದ್ದು ಎರಡನ್ನೂ ಮೇಜಿನ ಮೇಲಿಟ್ಟರೆ ಇದೇ ಮೂರು ಹಕ್ಕುಗಳ ಚರ್ಚೆ ಅಲ್ಲಿಂದಲೂ ಆರಂಭವಾಗುತ್ತದೆ.