ಚರ್ಚಿನ ಆಶ್ರಯದಲ್ಲಿ ಮಕ್ಕಳು: ಸಭೆಯವರೂ ಪಾಲಕರೂ ಕೈಗೊಳ್ಳಬೇಕಾದ ಕ್ರಮಗಳು

ಬಳ್ಳಾರಿ ಸೀಮೆಯಲ್ಲಿ ಚರ್ಚಿಗೂ ಮಕ್ಕಳಿಗೂ ಇರುವ ಸಂಬಂಧ ಹಳೆಯದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು, ಕನ್ನಡವನ್ನು ಕಲಿತು ಬೈಬಲ್ಲನ್ನು ಈ ನುಡಿಗೆ ತರುವ ಕಾರ್ಯದಲ್ಲಿ ತೊಡಗಿದ್ದಂತೆಯೇ ಮಕ್ಕಳಿಗಾಗಿ ಶಾಲೆಗಳನ್ನೂ ನಡೆಸಿದರು. ಇಂದು ಕಂಪ್ಲಿ, ಹೊಸಪೇಟೆ, ಸಂಡೂರುಗಳ ಕ್ರೈಸ್ತ ಕುಟುಂಬಗಳ ಮಕ್ಕಳು ಸಂಡೇ ಸ್ಕೂಲು, ಧರ್ಮೋಪದೇಶದ ತರಗತಿ, ಬೇಸಿಗೆಯ ಬೈಬಲ್ ಶಾಲೆ, ಗಾಯನವೃಂದ, ಕ್ರಿಸ್‌ಮಸ್ ನಾಟಕದ ತಾಲೀಮು ಎಂದು ಎಷ್ಟೋ ಗಂಟೆಗಳನ್ನು ತಂದೆತಾಯಿಗಳ ಕಣ್ಣಿನಿಂದ ದೂರವಾಗಿ ಕಳೆಯುತ್ತಾರೆ. ಆ ಗಂಟೆಗಳು ನಿರ್ಭಯವಾಗಿರಬೇಕಾದರೆ, ಗುರುಗಳಿಂದ ಮೊದಲ್ಗೊಂಡು ಬಾಗಿಲು ತೆರೆಯುವ ಸೇವಕನವರೆಗೆ ಎಲ್ಲರನ್ನೂ ಸಮನಾಗಿ ಬಂಧಿಸುವ, ಬರೆದಿಟ್ಟ ನಿಯಮಗಳು ಬೇಕು.

ಮಠ, ಮದರಸಾ, ವಸತಿನಿಲಯ, ಆಟದ ಮೈದಾನ, ಎಲ್ಲಿಯೇ ಆಗಲಿ, ಹಿರಿಯರ ಮಾತು ಪ್ರಶ್ನಾತೀತವಾದ ಕಡೆ ಮಗುವಿನ ದನಿ ಕ್ಷೀಣಿಸುತ್ತದೆ. 2002ರಲ್ಲಿ ಅಮೆರಿಕದ ಬೋಸ್ಟನ್ ಗ್ಲೋಬ್ ಪತ್ರಿಕೆ ಹೊರಗೆಡಹಿದ ಸಂಗತಿಗಳಲ್ಲಿ, ಪಾದ್ರಿಗಳು ಎಸಗಿದ ದೌರ್ಜನ್ಯದಷ್ಟೇ ಲೋಕವನ್ನು ಕಲಕಿದುದು, ಅದನ್ನು ಬಲ್ಲ ಮೇಲಿನವರು ಪೊಲೀಸರಿಗೆ ತಿಳಿಸದೆ ಅಂಥವರನ್ನು ಒಂದು ಚರ್ಚಿನಿಂದ ಮತ್ತೊಂದಕ್ಕೆ ವರ್ಗಾಯಿಸುತ್ತ ಬಂದ ರೀತಿ. ನಮ್ಮಲ್ಲಿ 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯು ಹದಿನೆಂಟು ತುಂಬದ ಪ್ರತಿಯೊಬ್ಬರನ್ನೂ, ಹುಡುಗನಾಗಲಿ ಹುಡುಗಿಯಾಗಲಿ, ಮಗುವೆಂದೇ ಎಣಿಸುತ್ತದೆ. ಧಾರ್ಮಿಕ ಸಂಸ್ಥೆಯ ಆಡಳಿತದವರೋ ಸಿಬ್ಬಂದಿಯೋ ಅಲ್ಲಿಯ ಮಗುವಿನ ಮೇಲೆ ಎಸಗಿದ ಲೈಂಗಿಕ ಅಪರಾಧವನ್ನು ಹೆಚ್ಚು ಉಗ್ರವಾದುದೆಂದು ಪರಿಗಣಿಸುತ್ತದೆ.

ಮೊದಲನೆಯ ಕಾರ್ಯ, ಮಕ್ಕಳ ನಡುವೆ ಕೆಲಸ ಮಾಡುವವರ ಆಯ್ಕೆ. ಮಕ್ಕಳೊಡನೆ ನಿತ್ಯ ಸಂಪರ್ಕವುಳ್ಳ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸಬೇಕೆಂದು 2020ರ ಪೋಕ್ಸೊ ನಿಯಮಗಳು ವಿಧಿಸುತ್ತವೆ. ಸಂಬಳವಿಲ್ಲದೆ ಹಾಡು ಕಲಿಸುವ ಸ್ವಯಂಸೇವಕರಿಗೂ ಇದನ್ನು ಅನ್ವಯಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಏಕೆಂದರೆ ಮಗುವಿಗೆ ಸಂಬಳದವರೂ ಸೇವೆಯವರೂ ಒಂದೇ. ಬೇರೆ ಊರಿನಿಂದ ಬಂದವರಾದರೆ ಅವರು ಹಿಂದೆ ಇದ್ದ ಸಭೆಯ ಹಿರಿಯರನ್ನು ನೇರವಾಗಿ ವಿಚಾರಿಸಬೇಕು.

ಎರಡನೆಯದು, ಏಕಾಂತವನ್ನು ತಪ್ಪಿಸುವುದು. ಒಂದು ಮಗುವಿನೊಡನೆ ಒಬ್ಬ ವಯಸ್ಕರು ಮುಚ್ಚಿದ ಕೋಣೆಯಲ್ಲಿ ಇರಕೂಡದು. ತರಗತಿಯಲ್ಲಿ ಇಬ್ಬರು ದೊಡ್ಡವರಿರಲಿ. ಗಾಯನದ ತಾಲೀಮು ಬಾಗಿಲು ತೆರೆದ ಕೋಣೆಯಲ್ಲಿ ನಡೆಯಲಿ. ಪೂಜಾವಸ್ತ್ರಗಳ ಕೋಣೆಗೆ ಪೀಠಸೇವೆಯ ಹುಡುಗರು ಒಬ್ಬೊಬ್ಬರಾಗಿ ಹೋಗದಿರಲಿ. ಪಾಪನಿವೇದನೆಯ ಮಾತು ಇತರರ ಕಿವಿಗೆ ಬೀಳದಿದ್ದರೂ ಕಣ್ಣಿಗೆ ಕಾಣುವ ಸ್ಥಳದಲ್ಲಿ ನಡೆಯಲಿ. ಮೊಬೈಲಿನಲ್ಲಿ ಮಗುವಿಗೆ ಪ್ರತ್ಯೇಕ ಸಂದೇಶ ಕಳುಹಿಸುವುದು, ಒಂದೇ ಮಗುವಿಗೆ ಉಡುಗೊರೆ ಕೊಡುವುದು, ಪಾಲಕರಿಗೆ ತಿಳಿಸದೆ ಬೈಕಿನಲ್ಲಿ ಮನೆಗೆ ಬಿಡುವುದು, ಇವು ಸದುದ್ದೇಶದಿಂದಲೇ ನಡೆದರೂ ನಿಲ್ಲತಕ್ಕವು. ನಿರ್ಮಲಚಿತ್ತರಾದ ಗುರುಗಳಿಗೂ ಈ ನಿಯಮವೇ ರಕ್ಷೆ.

ಇದೇ ಎಚ್ಚರ ಪ್ರವಾಸದಲ್ಲೂ ಬೇಕು; ಆ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಕಂಪ್ಲಿಯ ಮಕ್ಕಳನ್ನು ಹಂಪಿಗೆ ಕರೆದೊಯ್ಯುವುದು ಸುಲಭ, ಮತ್ತು ಸುಲಭವಾದ ಕಾರಣದಿಂದಲೇ ಸಿದ್ಧತೆ ಸಡಿಲವಾಗುತ್ತದೆ. ಗೆರೆ ಹಾಕಿದ ಒಂದು ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರು, ಪಾಲಕರ ಸಹಿ, ಫೋನ್ ಸಂಖ್ಯೆ, ಕಾಯಿಲೆಯಿದ್ದರೆ ಅದರ ಔಷಧಿ, ಸಂಜೆ ಕರೆದೊಯ್ಯಲು ಬರುವವರು ಯಾರು ಎಂಬುದನ್ನು ಬರೆದುಕೊಳ್ಳಬೇಕು. ಬಸ್ಸು ಹತ್ತುವಾಗ, ವಿರೂಪಾಕ್ಷ ದೇವಾಲಯದ ಮುಂದೆ, ವಿಜಯವಿಠ್ಠಲ ದೇವಾಲಯದ ಬಳಿ, ಮರಳುವ ಮುನ್ನ, ಹೀಗೆ ತಲೆ ಎಣಿಸಿದಾಗಲೆಲ್ಲ ಅದೇ ಪುಟದಲ್ಲಿ ಗುರುತು ಹಾಕಬೇಕು. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ಬೇಗನೆ ಏರುವುದರಿಂದ, ಬಂಡೆಗಳ ನಡುವೆ ಶಾಂತವಾಗಿ ಕಾಣುವ ನೀರಿಗೂ ಮಕ್ಕಳನ್ನು ಇಳಿಸಬಾರದು. ಶೌಚಕ್ಕೆ ಹೋಗುವಾಗ ಮಕ್ಕಳು ಜೊತೆಜೊತೆಯಾಗಿ ಹೋಗಲಿ. ರಾತ್ರಿ ತಂಗುವುದಾದರೆ ದೊಡ್ಡವರು ಮಕ್ಕಳ ಕೋಣೆಯಲ್ಲಿ ಮಲಗಕೂಡದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹಂಪಿ, ಹೊಸಪೇಟೆಗಳು ಅತ್ತ ಸೇರಿ, ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲೇ ಉಳಿದಿವೆ. ಅವಘಡ ಆ ಜಿಲ್ಲೆಯಲ್ಲಿ ನಡೆಯಿತೆಂದು ಇಲ್ಲಿಯ ಠಾಣೆ ಹಿಂದಕ್ಕೆ ಕಳುಹಿಸುವಂತಿಲ್ಲ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು.

ಮೂರನೆಯದು, ಮಗುವಿಗೆ ಕಿವಿಗೊಡುವುದು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶಗಳ ತಿಳಿವಳಿಕೆಯನ್ನು ತರಗತಿಯಲ್ಲಿಯೇ ಕೊಟ್ಟು, "ಯಾರಿಗೂ ಹೇಳಬೇಡ" ಎಂದು ಹೇಳಿದವರು ಗುರುಗಳೇ ಆಗಿದ್ದರೂ ಮನೆಯಲ್ಲಿ ಹೇಳಬೇಕೆಂದು ಕಲಿಸಬೇಕು. "ಅವ್ವಾ, ನಾ ಹಾಡಾಕ ಹೋಗಂಗಿಲ್ಲ" ಎಂದು, ನಿನ್ನೆಯವರೆಗೆ ಓಡೋಡಿ ಹೋಗುತ್ತಿದ್ದ ಹುಡುಗಿ ಹಟ ಹಿಡಿದರೆ, ಸೋಮಾರಿಯೆಂದು ಗದರುವ ಮುನ್ನ ಪಕ್ಕದಲ್ಲಿ ಕೂಡಿಸಿಕೊಂಡು, "ಯಾಕವ್ವಾ, ಏನಾತು?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುವುದು ತಾಯಿಯ ಕೈಯಲ್ಲಿರುವ ದೊಡ್ಡ ಉಪಾಯ. ಮಗು ಹೇಳಿದುದನ್ನು ಅದರದೇ ಮಾತುಗಳಲ್ಲಿ ಬರೆದಿಡಿ; ಅಡ್ಡಪ್ರಶ್ನೆ ಕೇಳಬೇಡಿ; ಯಾರಿಗೂ ತಿಳಿಸುವುದಿಲ್ಲವೆಂಬ ಭಾಷೆಯನ್ನು ಮಾತ್ರ ಕೊಡಬೇಡಿ, ಏಕೆಂದರೆ ಅದನ್ನು ನಡೆಸಲಾಗದು.

ನಾಲ್ಕನೆಯದೇ ಅತ್ಯಂತ ಮುಖ್ಯವಾದುದು. ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು, ಯಾರೇ ಆಗಲಿ ಪೊಲೀಸರಿಗೆ ತಿಳಿಸತಕ್ಕದ್ದೆಂದು ಪೋಕ್ಸೊ ಕಾಯಿದೆಯ 19ನೆಯ ಕಲಮು ಆಜ್ಞಾಪಿಸುತ್ತದೆ. ತಿಳಿಸದಿದ್ದವರಿಗೆ ಆರು ತಿಂಗಳವರೆಗೆ, ತಮ್ಮ ಕೈಕೆಳಗಿನವನ ಕೃತ್ಯವನ್ನು ಮರೆಮಾಚಿದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬಾರದು. ಹಿರಿಯರು ಕೂಡಿ ಪಂಚಾಯಿತಿ ಮಾಡುವುದು, ತಪ್ಪೊಪ್ಪಿಗೆ ಬರೆಸಿಕೊಂಡು ಊರು ಬಿಡಿಸುವುದು, ಹುಡುಗಿಯ ಮದುವೆಗೆ ತೊಡಕಾದೀತೆಂದು ಮುಚ್ಚುವುದು, ಇವೆಲ್ಲ ಮುಂದಿನ ಊರಿನ ಮಗುವನ್ನು ಅದೇ ಕೈಗೆ ಒಪ್ಪಿಸುವ ಕೃತ್ಯಗಳು. 2019ರಲ್ಲಿ ಪೋಪ್ ಫ್ರಾನ್ಸಿಸರು ದೂರು ಸ್ವೀಕರಿಸುವ ವ್ಯವಸ್ಥೆ ಪ್ರತಿ ಧರ್ಮಪ್ರಾಂತ್ಯದಲ್ಲೂ ಇರಬೇಕೆಂದು ವಿಧಿಸಿದಾಗಲೂ, ಆಯಾ ದೇಶದ ಕಾನೂನಿನ ಹೊಣೆ ಅದರಿಂದ ತಪ್ಪುವುದಿಲ್ಲವೆಂದು ಸ್ಪಷ್ಟಪಡಿಸಿದರು.

ಠಾಣೆಯ ಭಯ ಪಾಲಕರಿಗೆ ಸಹಜ. ಆದರೆ ಕಾಯಿದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೋ ಅದು ಬಯಸಿದ ಕಡೆಯೋ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಹುಡುಗಿಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಇಪ್ಪತ್ತನಾಲ್ಕು ಗಂಟೆಗಳೊಳಗೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ತಲುಪಬೇಕು. ಇತ್ತ ಸಭೆಯವರು ಆರೋಪಿತನನ್ನು ತಕ್ಷಣ ಮಕ್ಕಳ ಕೆಲಸದಿಂದ ದೂರವಿಡಬೇಕು. ತಪ್ಪು ಯಾರದೆಂದು ನಿರ್ಣಯಿಸುವ ಕೆಲಸ ನ್ಯಾಯಾಲಯದ್ದು. ಮಗುವಿನ ಹೆಸರನ್ನು ಪ್ರಾರ್ಥನೆಯ ನೆಪದಲ್ಲೂ ಎತ್ತಕೂಡದು.

ಕೊನೆಯದು, ಒಂದು ಫಲಕ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112, ದೂರು ಕೇಳಲು ಸಭೆಯು ನೇಮಿಸಿದ ಒಬ್ಬ ಮಹಿಳೆಯ ಮತ್ತು ಒಬ್ಬ ಪುರುಷನ ಹೆಸರು, ಇವನ್ನು ಕನ್ನಡದಲ್ಲೂ, ಮನೆಮಾತು ತೆಲುಗಾಗಿರುವ ಮಕ್ಕಳಿರುವ ಕಡೆ ತೆಲುಗಿನಲ್ಲೂ ಬರೆಸಿ, ಎಂಟು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ತೂಗುಹಾಕಬೇಕು. ಪ್ರತಿ ಜೂನಿನಲ್ಲಿ ತರಗತಿಗಳು ಆರಂಭವಾಗುವ ಮುನ್ನ ಹೆಸರುಗಳು ಸರಿಯಾಗಿವೆಯೇ ಎಂದು ನೋಡಿ, ಬದಲಾಗಿದ್ದರೆ ಹೊಸದಾಗಿ ಬರೆಸಬೇಕು.